ಸಾಕ್ಸ್ ಮೇಲಿನ ಕಾಫಿ ಕಲೆ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಅವರಿಗೆ 58 ವರ್ಷ. ಸಿಟಿ ಬಸ್ ಓಡಿಸುತ್ತಿದ್ದವರು, ಮನೆ ಕಾಮಾಕ್ಷಿಪಾಳ್ಯದಲ್ಲಿ. ಶುಗರ್ ಬಂದು 17 ವರ್ಷ, ಡಯಾಲಿಸಿಸ್ ಶುರುವಾಗಿ 3 ವರ್ಷ. ನನ್ನ ಹತ್ತಿರ ಮೊದಲು ಬಂದವರು ಅವರ ಹೆಂಡತಿ.

“ಮನೇಲೂ ಸಾಕ್ಸ್ ಬಿಚ್ಚಲ್ಲ ಮೇಡಂ. ತಾವೇ ಒಗೆದು ಹಾಕ್ಕೋತಾರೆ. ಮೊನ್ನೆ ಒಂದು ಜೊತೆ ನನ್ನ ಕೈಗೆ ಸಿಕ್ತು, ಹೆಬ್ಬೆರಳಿನ ಹತ್ರ ಕಂದು ಕಲೆ. ಕೇಳಿದ್ರೆ ಕಾಫಿ ಚೆಲ್ತು ಅಂತಾರೆ.”

ಡಯಾಲಿಸಿಸ್ ದಿನ ಬೆಡ್ ಪಕ್ಕ ಕುಳಿತೆ. ಕೈಯಲ್ಲಿ 4 ಗಂಟೆ ಇದೆ, ಅವಸರವಿಲ್ಲ. ಕಾಲಿನ ಸುದ್ದಿ ಎತ್ತದೆ ಮೆಜೆಸ್ಟಿಕ್–ಕೆಂಗೇರಿ ರೂಟಿನ ಬಗ್ಗೆ ಕೇಳಿದೆ. ಅರ್ಧ ಗಂಟೆಯ ಮೇಲೆ ಅವರೇ ಬಾಯಿಬಿಟ್ಟರು. ಎದುರು ಬೆಡ್‌ನವರಿಗೆ ಮೊದಲು ಒಂದು ಬೆರಳು ತೆಗೆದರಂತೆ, ಆಮೇಲೆ ಮಂಡಿವರೆಗೆ. “ಅವ್ರೂ ಸುಮ್ನೆ ಟೆಸ್ಟ್ ಅಂತಾನೇ ಹೋಗಿದ್ದು.”

ಇನ್ನೊಂದು ಕಡೆ ಒಂದು ಧೈರ್ಯವೂ ಇತ್ತು. ಯಾವುದೋ ಕ್ಯಾಂಪಿನಲ್ಲಿ ಪಾದದ ಗಂಟಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿ ನೋಡಿದ್ದರು. 1.5 ಬಂದಿತ್ತು. “0.9ಕ್ಕಿಂತ ಕಮ್ಮಿ ಆದ್ರೆ ತೊಂದ್ರೆ ಅಂದ್ರು. ನಂದು ಜಾಸ್ತಿನೇ ಇದೆ ಅಲ್ವಾ?”

ಇಲ್ಲೇ ಮೋಸ ಆಗೋದು. ಕಿಡ್ನಿ ಕೆಟ್ಟವರಲ್ಲಿ, ಅದರಲ್ಲೂ ಶುಗರ್ ಇರುವವರಲ್ಲಿ, ರಕ್ತನಾಳದ ಗೋಡೆಗೆ ಬಹಳ ಸಲ ಕ್ಯಾಲ್ಸಿಯಂ ಕಟ್ಟುತ್ತದೆ. ಬಿಪಿ ಪಟ್ಟಿ ಬಿಗಿದರೂ ನಾಳ ಸುಲಭವಾಗಿ ಅಮುಕುವುದಿಲ್ಲ, ಬಿಪಿ ಸುಳ್ಳೇ ಜಾಸ್ತಿ ತೋರಿಸುತ್ತದೆ. ಅದಕ್ಕೇ 1.4 ದಾಟಿದರೆ ಆ ಲೆಕ್ಕವನ್ನು ನಂಬುವ ಹಾಗಿಲ್ಲ.

“ಹಳೇ ರೇಡಿಯೇಟರ್ ಹೋಸ್ ಕಲ್ಲಾಗಿರುತ್ತಲ್ಲ, ಒತ್ತಿ ನೋಡಿ ಒಳಗೆ ನೀರು ಎಷ್ಟು ಹರೀತಿದೆ ಅಂತ ಹೇಳ್ತೀರಾ?” ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಬಿಚ್ಚೇ ನೋಡ್ಬೇಕು,” ಅಂದರು. ಸಾಕ್ಸ್ ಬಿಚ್ಚಿದರು. ಹೆಬ್ಬೆರಳ ತುದಿಯಲ್ಲಿ ಕಡಲೆಕಾಳಿನಷ್ಟು ಗಾಯ, ಅಂಚು ಕಪ್ಪು. ನೋವೇ ಇಲ್ಲವಂತೆ. ಶುಗರ್‌ನಿಂದ ನರ ಮರಗಟ್ಟಿದರೆ ನೋವು ಎಲ್ಲಿಂದ ಗೊತ್ತಾಗಬೇಕು?

ಕಾಲು ಉಳಿದೇ ಉಳಿಯುತ್ತದೆ ಅಂತ ನಾನು ಮಾತು ಕೊಡಲಿಲ್ಲ, ಕೊಡಬಾರದು. ಪಾದದ ಗಂಟಿನ ಬದಲು ಕಾಲ್ಬೆರಳಿನ ಬಿಪಿ ನೋಡಿಸೋಣ ಅಂದೆ. ಅದಕ್ಕೆ ಕೊಯ್ಯುವುದಿಲ್ಲ, ಪುಟ್ಟ ಪಟ್ಟಿ ಸುತ್ತುತ್ತಾರೆ ಅಷ್ಟೇ. ಬೆರಳಿನ ನಾಳ ಸಾಮಾನ್ಯವಾಗಿ ಅಷ್ಟು ಗಟ್ಟಿಯಾಗಿರುವುದಿಲ್ಲ, ಹಾಗಾಗಿ ಹೆಚ್ಚು ನಿಜ ಹೇಳುತ್ತದೆ. ಅದನ್ನೂ ತೋಳಿನ ಬಿಪಿಯಿಂದ ಭಾಗಿಸಿ 0.7ಕ್ಕಿಂತ ಕಡಿಮೆ ಬಂದರೆ ರಕ್ತನಾಳದ ಡಾಕ್ಟರನ್ನು ನೋಡಬೇಕು. ತೋಳಿನ ಬಿಪಿಯನ್ನು ಫಿಸ್ಟುಲಾ (ಡಯಾಲಿಸಿಸ್‌ಗೆ ಅಂತ ರಕ್ತನಾಳ ಜೋಡಿಸಿದ ಜಾಗ) ಇಲ್ಲದ ಕೈಯಲ್ಲೇ ನೋಡಬೇಕು ಅಂತ ನೆನಪಿಸಿ ಅಂದೆ. ಡಯಾಲಿಸಿಸ್‌ಗೆ ಬಂದಾಗಲೆಲ್ಲ ನರ್ಸ್‌ಗೆ ಬೆರಳ ಸಂದಿ ತೋರಿಸಿ, ಬಿಸಿನೀರಲ್ಲಿ ಕಾಲಿಡಬೇಡಿ, ಆಣಿಗೆ ಬ್ಲೇಡ್ ಹಾಕಬೇಡಿ, ಬೀಡಿ ಬಿಡಿ. ಹೆಂಡತಿಗೆ ಹೇಳಿದ್ದು ಒಂದೇ: ಕಾಫಿ ವಿಷಯ ಎತ್ತಿ ಆಡಿಕೊಳ್ಳಬೇಡಿ.

ಅವತ್ತೇ ಕಿಡ್ನಿ ಡಾಕ್ಟರಿಗೆ ತೋರಿಸಿದೆವು. ಬೆರಳಿನ ಲೆಕ್ಕ 0.4 ಬಂತು. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಆಯಿತು, ಬಲೂನ್ ಹಾಕಿ ನಾಳ ಬಿಡಿಸಿದರು. ಈಗ ಗಾಯ ಅರ್ಧ ಮುಚ್ಚಿದೆ. ಬೀಡಿ ಮಾತ್ರ ದಿನಕ್ಕೆ ಎರಡು ಇನ್ನೂ ಇದೆ ಅಂತ ಹೆಂಡತಿ ಅಂದರು. ಗಂಡ ಕಿಟಕಿ ಕಡೆ ತಿರುಗಿಕೊಂಡರು.