ಏಳುನೂರು ಹೆಂಡತಿಯರು ಮತ್ತು ಸೊಲೊಮೋನನ ಜ್ಞಾನ

ದೇವರೇ ಜ್ಞಾನ ಕೊಟ್ಟನೆಂದು ಬೈಬಲ್ ಹೇಳುವ ಇಸ್ರಾಯೇಲಿನ ಅರಸ ಸೊಲೊಮೋನ 700 ಮಂದಿಯನ್ನು ಮದುವೆಯಾದ ಅಂದಮೇಲೆ ಅದೂ ಜಾಣತನವೇ ಅಲ್ಲವೇ ಎಂದು ಕೇಳಿದ್ದೀರಿ. ನನ್ನ ಉತ್ತರ, ಖಂಡಿತ ಅಲ್ಲ. ಬೈಬಲ್ಲೇ ಅದನ್ನು ಹೊಗಳುವುದಿಲ್ಲ.

ರಾಜಕೀಯ ಲೆಕ್ಕಾಚಾರ ಇದ್ದದ್ದು ನಿಜ. ಈಜಿಪ್ಟಿನ ಅರಸ ಫರೋಹನ ಮಗಳನ್ನು ತಂದದ್ದು ಆ ದೇಶದ ಜೊತೆ ಸಂಬಂಧ ಬೆಳೆಸಲಿಕ್ಕೆ. ಆ ಕಾಲದ ಅರಸರೆಲ್ಲ ಹಾಗೆಯೇ ಮಾಡುತ್ತಿದ್ದರು. ಆದರೆ ಬೈಬಲ್ಲಿನ ಧರ್ಮೋಪದೇಶಕಾಂಡ ಎಂಬ ಪುಸ್ತಕದ 17ನೇ ಅಧ್ಯಾಯ ಇಸ್ರಾಯೇಲಿನ ಅರಸನಿಗೆ ಮೂರು ವಿಷಯ ಬೇಡ ಅನ್ನುತ್ತದೆ: ಬಹಳ ಕುದುರೆ, ಬಹಳ ಹೆಂಡತಿಯರು, ಬಹಳ ಬೆಳ್ಳಿಬಂಗಾರ. ಈತ ಮೂರನ್ನೂ ಗುಡ್ಡೆ ಹಾಕಿಕೊಂಡ. ಬುದ್ಧಿ ಇದ್ದವನು ಎಲ್ಲದರಲ್ಲೂ ಅದರಂತೆಯೇ ನಡೆಯುತ್ತಾನೆ ಅನ್ನಲಾಗದು.

ಬೈಬಲ್ಲಿನದೇ ಒಂದನೆಯ ಅರಸುಗಳು ಪುಸ್ತಕದ 11ನೇ ಅಧ್ಯಾಯ ಓದಿ ನೋಡಿ. ಮುಪ್ಪಿನಲ್ಲಿ ಹೆಂಡತಿಯರು ಅವನ ಮನಸ್ಸನ್ನು ಬೇರೆ ದೇವರುಗಳ ಕಡೆಗೆ ತಿರುಗಿಸಿದರು ಎಂದು ನೇರವಾಗಿಯೇ ಬರೆದಿದೆ. ಯೆರೂಸಲೇಮಿನ ದೇವಾಲಯ ಕಟ್ಟಿಸಿದವನೇ ಅದರೆದುರಿನ ಗುಡ್ಡದಲ್ಲಿ ನೆರೆಯ ಮೋವಾಬ್ಯರ ದೇವರಾದ ಕೆಮೋಷನಿಗೆ ಪೂಜಾಸ್ಥಳ ಮಾಡಿಸಿದ.

ಇನ್ನು ಆ ಹೆಣ್ಣುಮಕ್ಕಳ ಪಾಡು. ನನಗೆ ಹೆಚ್ಚು ಸಂಕಟವಾಗುವುದು ಇಲ್ಲೇ. ದಿನಕ್ಕೊಬ್ಬಳಂತೆ ಭೇಟಿಯಾದರೂ ಅದೇ ಹೆಂಡತಿಯ ಸರದಿ ಮತ್ತೆ ಬರಲು ಸುಮಾರು ಎರಡು ವರ್ಷ ಬೇಕು. ಉಪಪತ್ನಿಯರು 300 ಮಂದಿ ಬೇರೆ. ತವರು ಬಿಟ್ಟು ಬಂದ ಹುಡುಗಿಗೆ ಅದು ಸಂಸಾರವೇ? ಅವಳ ಬಾಳಿನ ಬಗ್ಗೆ ಯಾರೂ ಒಂದು ಸಾಲನ್ನೂ ಬರೆದಿಡಲಿಲ್ಲ.

ಸೊಲೊಮೋನನ ಬಳಿಕ ಪಟ್ಟಕ್ಕೆ ಬಂದ ರೆಹಬ್ಬಾಮ, ಅಮ್ಮೋನ್ಯರೆಂಬ ನೆರೆಯ ಜನಾಂಗದಿಂದ ಬಂದ ಹೆಂಡತಿಯಲ್ಲಿ ಅವನಿಗೆ ಹುಟ್ಟಿದ ಮಗ. ಹಿರಿಯರ ಮಾತು ಕೇಳದೆ ಜನರ ಮೇಲೆ ಇನ್ನೂ ಭಾರ ಹೇರಲು ಹೋಗಿ, ಇಸ್ರಾಯೇಲಿನ ಹನ್ನೆರಡು ಕುಲಗಳಲ್ಲಿ ಹತ್ತನ್ನು ಕಳೆದುಕೊಂಡ. ಅವನಿಗೂ 18 ಹೆಂಡತಿಯರಿದ್ದರು.