ಹೊಸ ಜೀಪಿಗೆ ಎಷ್ಟು ದಿನ ಪಥ್ಯ?

ಓದುಗರ ಪ್ರಶ್ನೆ, ಗ್ಯಾರೇಜ್ ಉತ್ತರ

ಪ್ರಶ್ನೆ: ಸರ್, ಹೋದ ವಾರ 2.2 ಲೀಟರ್ ಡೀಸೆಲ್ ಥಾರ್ ತಗೊಂಡೆ. ಫೋರ್ ವೀಲ್, ಮ್ಯಾನುಯಲ್ ಗೇರ್. ಈವರೆಗೆ ಓಡಿರುವುದು 140 ಕಿ.ಮೀ. ಟಾರು ರಸ್ತೆಯಿಂದ ನಮ್ಮ ತೋಟಕ್ಕೆ 3 ಕಿ.ಮೀ. ಮಣ್ಣು ದಾರಿ, ಕೊನೆಗೆ ಒಂದು ಕಡಿದಾದ ಏರು. ‘ಈಗಿನ ಗಾಡಿಗೆ ರನ್ನಿಂಗ್ ಇನ್ ಎಲ್ಲ ಬೇಡ, ಧಾರಾಳವಾಗಿ ಓಡಿಸಿ’ ಅಂತ ಶೋರೂಮಿನಲ್ಲಿ ಹೇಳಿದರು. ‘ಸಾವಿರ ಕಿಲೋಮೀಟರ್ ಆಗುವವರೆಗೆ 40 ದಾಟಿಸಬೇಡ’ ಅಂತ ಅಪ್ಪ ಹೇಳ್ತಾರೆ. ಯಾರ ಮಾತು ಕೇಳಲಿ?
— ಒಬ್ಬ ಓದುಗರು, ಹಾನಬಾಳು

ಉತ್ತರ: ನಿಮ್ಮ ತಂದೆಯವರು ಹಳೇ ಜೀಪು ಓಡಿಸಿದವರು ಅನಿಸುತ್ತದೆ. ನಾನೂ ಅದರಲ್ಲೇ ಕೆಲಸ ಕಲಿತವನು. ಆ ಕಾಲಕ್ಕೆ ಅವರ ಮಾತು ಸರಿ. ಈಗ 40ರ ಲೆಕ್ಕ ಬೇಡ, ಆದರೆ ರನ್ನಿಂಗ್ ಇನ್, ಅಂದರೆ ಹೊಸ ಎಂಜಿನ್ ಪಳಗುವವರೆಗಿನ ಪಥ್ಯ, ಬೇಕೇ ಬೇಕು. ಮೊದಲ 1000 ಕಿ.ಮೀ. ನಾನು ಯಾರಿಗೂ ಸಡಿಲ ಬಿಡುವುದಿಲ್ಲ.

ಯಾಕೆ ಅಂತ ಹೇಳ್ತೀನಿ. ಎಂಜಿನ್ ಬಿಚ್ಚಿದಾಗ ಹೊಸ ಸಿಲಿಂಡರಿನ ಒಳಗೋಡೆ ನೋಡಿದರೆ ಅದು ಕನ್ನಡಿಯ ಹಾಗೆ ನುಣುಪಾಗಿರುವುದಿಲ್ಲ. ಅಡ್ಡಡ್ಡ ಸಣ್ಣ ಗೀರು ಇರುತ್ತವೆ, ಒರಳುಕಲ್ಲಿಗೆ ಉಳಿಪೆಟ್ಟು ಹಾಕಿಸಿದ ಹಾಗೆ. ಪಿಸ್ಟನ್ ರಿಂಗು ಆ ಗೀರುಗಳ ಮೇಲೆ ಉಜ್ಜಿ ಉಜ್ಜಿ ತನ್ನ ಜಾಗ ಮಾಡಿಕೊಳ್ಳಬೇಕು. ರಿಂಗನ್ನು ಗೋಡೆಗೆ ಒತ್ತುವುದು ಒಳಗೆ ಉರಿಯುವ ಗ್ಯಾಸಿನ ಒತ್ತಡ. ಆದ್ದರಿಂದ ಎಂಜಿನ್ ಒಂದಿಷ್ಟು ದುಡಿಯಲೇಬೇಕು. ತೀರಾ ಮೆತ್ತಗೆ ಓಡಿಸಿದರೆ, ಅಥವಾ ಅಂಗಳದಲ್ಲಿ ಅರ್ಧ ಗಂಟೆ ಸುಮ್ನೆ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ, ಆ ಗೀರುಗಳ ಮೇಲೆ ಎಣ್ಣೆ ಸುಟ್ಟು ಗಾಜಿನ ಹಾಗೆ ಪದರ ಕಟ್ಟುತ್ತದೆ. ಆಮೇಲೆ ರಿಂಗು ಕೂರುವುದಿಲ್ಲ, ಆಯಿಲ್ ಕುಡಿಯುವ ಗಾಡಿ ಆಗುತ್ತದೆ. ಅದೇ ರೀತಿ ಮೊದಲ ದಿನವೇ ಪೂರ್ತಿ ಆಕ್ಸಿಲರೇಟರ್ ತುಳಿದರೆ ಬಿಸಿ ಜಾಸ್ತಿಯಾಗಿ ಉಜ್ಜಬೇಕಾದ್ದು ಕೆರೆದುಬಿಡುತ್ತದೆ.

ನಿಮ್ಮ ಎಂಜಿನ್ನಿನ ಪೂರ್ತಿ ಎಳೆತ 1600ರಿಂದ 2800 ಆರ್‌ಪಿಎಂ ಒಳಗೇ ಸಿಗುತ್ತದೆ. ಸಾವಿರ ಕಿಲೋಮೀಟರ್‌ವರೆಗೆ ಆ ಗಡಿಯೊಳಗೇ ಏರಿಸಿ, ಇಳಿಸಿ. ಹಾಸನಕ್ಕೆ ಹೋಗಬೇಕಾ? ಹೋಗಿ ಬನ್ನಿ. ಆದರೆ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹಿಡಿಯಬೇಡಿ. 50, 70, ಮತ್ತೆ 60, ಹೀಗೆ ಬದಲಾಯಿಸುತ್ತಾ ಇರಿ. ನಾಲ್ಕನೇ ಗೇರಿನಲ್ಲಿ 1200 ಆರ್‌ಪಿಎಂಗೆ ಇಳಿದು ಗಾಡಿ ಗುದ್ದಾಡುವಾಗ ಆಕ್ಸಿಲರೇಟರ್ ಒತ್ತಿ ಎಳೆಸುವುದು ಎಲ್ಲಕ್ಕಿಂತ ಕೆಟ್ಟದ್ದು. ಮೂರನೇ ಗೇರಿಗೆ ಬನ್ನಿ. ಗೇರು ಇರುವುದೇ ಅದಕ್ಕೆ. ನನ್ನ ಹತ್ತಿರ ಬರುವ ಹೊಸ ಗಾಡಿಗಳು ವೇಗವಾಗಿ ಓಡಿಸಿ ಹಾಳಾಗಿದ್ದು ಕಡಿಮೆ. ಗೇರು ಮಾಡಬೇಕಾದ ಕೆಲಸವನ್ನು ಕ್ಲಚ್ಚಿನಿಂದ, ಬ್ರೇಕಿನಿಂದ ಮಾಡಿಸಿ ಹಾಳಾಗಿದ್ದೇ ಜಾಸ್ತಿ.

ಈ ಸಾವಿರ ಕಿಲೋಮೀಟರ್ ಒಳಗೆ ಟ್ರೇಲರ್ ಎಳೆಸಬೇಡಿ. ಹಿಂದೆ 50 ಕೆ.ಜಿ.ಯ ಕಾಫಿ ಮೂಟೆ ಪೇರಿಸಿ ಆ ಏರು ಹತ್ತಿಸಬೇಡಿ. ಗೊಬ್ಬರ ತರುವುದಿದ್ದರೆ ಪಕ್ಕದ ತೋಟದವರ ಪಿಕಪ್ ಕೇಳಿ. ಬ್ರೇಕಿಗೂ ಮೊದಲ 300 ಕಿ.ಮೀ. ಪಥ್ಯ. ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುವವರೆಗೆ ಹಿಡಿತ ಪೂರ್ತಿ ಇರುವುದಿಲ್ಲ, ಮುಂದಿನ ಗಾಡಿಯಿಂದ ದೂರ ಇರಿ. ಹೊಸ ಟೈರಿನ ಮೈಮೇಲೂ ಅಚ್ಚಿನಿಂದ ಬಿಡಿಸಲು ಹಾಕಿದ ಜಿಡ್ಡು ಇರುತ್ತದೆ. ಒಂದೆರಡು ನೂರು ಕಿ.ಮೀ. ಆಗುವವರೆಗೆ ಮಳೆಯಲ್ಲಿ ಜಾರುತ್ತದೆ.

ಇನ್ನು ನಿಮ್ಮ ಆ ಏರು. ಅಲ್ಲಿಗೆ ಫೋರ್ ಲೋ, ಅಂದರೆ ನಾಲ್ಕೂ ಚಕ್ರಕ್ಕೆ ನಿಧಾನದ, ಜಾಸ್ತಿ ಎಳೆತದ ಗೇರು. ಗಾಡಿ ಪೂರ್ತಿ ನಿಲ್ಲಿಸಿ, ಕ್ಲಚ್ ಒತ್ತಿ, ಗೇರು ನ್ಯೂಟ್ರಲ್ ಮಾಡಿ, ಆಮೇಲೆ ಸಣ್ಣ ಲಿವರ್ ಎಳೆಯಿರಿ. ಬೀಳಲಿಲ್ಲ ಅಂದರೆ ಬಲ ಹಾಕಬೇಡಿ. ಒಂದಡಿ ಮುಂದೆ ಉರುಳಿಸಿ ಮತ್ತೆ ನೋಡಿ, ಹಲ್ಲಿಗೆ ಹಲ್ಲು ಸಿಕ್ಕರೆ ತಾನಾಗಿ ಬೀಳುತ್ತದೆ. ಫೋರ್ ಲೋದಲ್ಲಿ ಎರಡನೇ ಗೇರು ಹಾಕಿ, ಕ್ಲಚ್ಚಿನಿಂದ ಕಾಲು ತೆಗೆದುಬಿಡಿ. ಎಂಜಿನ್ ತನ್ನಷ್ಟಕ್ಕೆ ಏರುತ್ತದೆ. ಇದು ಹೊಸ ಎಂಜಿನ್ನಿಗೂ ಹಗುರ. ಟೂ ಹೈ, ಅಂದರೆ ಹಿಂದಿನ ಎರಡೇ ಚಕ್ರ ಎಳೆಯುವ ಮಾಮೂಲಿ ಓಟದ ಮೊದಲ ಗೇರಿನಲ್ಲಿ ಅರ್ಧ ಕ್ಲಚ್ ಹಿಡಿದು ಅದೇ ಏರು ಹತ್ತಿಸಿದರೆ ಕ್ಲಚ್ ಪ್ಲೇಟಿನ ವಾಸನೆ ಮನೆಯವರೆಗೂ ಬರುತ್ತದೆ.

ಒಂದು ವೇಳೆ ಮಧ್ಯದಲ್ಲಿ ಗಾಡಿ ಆಫ್ ಆಯಿತು ಅಂತಿಟ್ಟುಕೊಳ್ಳಿ. ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಬ್ರೇಕ್ ಗಟ್ಟಿಯಾಗಿ ಒತ್ತಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಬ್ರೇಕ್ ಬಿಡದೆಯೇ ಕ್ಲಚ್ ಒತ್ತಿ ರಿವರ್ಸ್ ಗೇರ್ ಹಾಕಿ, ಸ್ಟಾರ್ಟ್ ಮಾಡಿ. ಹ್ಯಾಂಡ್ ಬ್ರೇಕ್ ಇಳಿಸಿ, ಕ್ಲಚ್ ನಿಧಾನಕ್ಕೆ ಪೂರ್ತಿ ಬಿಡುತ್ತಾ ಕಾಲಿನ ಬ್ರೇಕನ್ನೂ ಮೆಲ್ಲಗೆ ಬಿಡಿ. ಗಾಡಿ ಎಂಜಿನ್ ಹಿಡಿತದಲ್ಲಿ ನೆಟ್ಟಗೆ ಹಿಂದಕ್ಕೆ ಇಳಿಯುತ್ತದೆ. ಏನೇ ಆದರೂ ಏರಿನ ಮೇಲೆ ತಿರುಗಿಸಲು ಹೋಗಬೇಡಿ. ಗಾಡಿ ಅಡ್ಡಕ್ಕೆ ಬಂದರೆ ಉರುಳುವುದು ಅಲ್ಲೇ.

ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಮೂಡಿಗೆರೆ ಕಡೆಯ ಒಂದು ತೋಟದಲ್ಲಿ ಇಂಥದ್ದೇ ಏರಿನಲ್ಲಿ ತಪ್ಪು ಮಾಡಿದ್ದೆ. ಆಷಾಢದ ಮಳೆ, ದಾರಿ ಮೇಲೆ ಪಾಚಿ. ಜೀಪು ನಿಂತಿತು. ಗಾಬರಿಯಲ್ಲಿ ಕ್ಲಚ್ ಒತ್ತಿದೆ. ಎಂಜಿನ್ನಿನ ಹಿಡಿತ ಹೋಯಿತು, ಬರೀ ಬ್ರೇಕಿಗೆ ನಾಲ್ಕು ಚಕ್ರವೂ ಕಚ್ಚಿಕೊಂಡು ಜಾರತೊಡಗಿತು. ಸ್ಟೀರಿಂಗ್ ತಿರುಗಿಸಿದರೂ ಅದು ಕೇಳಲಿಲ್ಲ. ಹಿಂದಿನ ಮೂಲೆ ಹೋಗಿ ಒಂದು ಸಿಲ್ವರ್ ಓಕ್ ಮರಕ್ಕೆ ಬಡಿದು ನಿಂತಿತು. ಆ ಮರದಿಂದ ಕೆಳಗೆ ನೋಡಿದರೆ ತೋಟದ ಕೂಲಿಯವರ ಲೈನಿನ ಮನೆಗಳ ಹೆಂಚು ಕಾಣುತ್ತಿತ್ತು. ಅಂಗಳದಲ್ಲಿ ಮಕ್ಕಳು ಆಡುತ್ತಿದ್ದವು. ಈಗಲೂ ಯಾರಿಗೆ ಫೋರ್ ವೀಲ್ ಕಲಿಸಿದರೂ ಮೊದಲ ದಿನ ಹಿಂದಕ್ಕೆ ಇಳಿಯುವುದನ್ನೇ ಕಲಿಸುತ್ತೇನೆ, ಹತ್ತುವುದನ್ನಲ್ಲ. ನೀವೂ ಒಣಗಿದ ದಿನ, ಯಾರೂ ಇಲ್ಲದಾಗ, ಸಣ್ಣ ಏರಿನಲ್ಲಿ ಹತ್ತು ಸಲ ಅಭ್ಯಾಸ ಮಾಡಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. 2020ರ ಏಪ್ರಿಲ್‌ನಿಂದ ಬಿಎಸ್-6 ಎಂಬ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತಾರೆ. ಮಸಿ ಸುಡಬೇಕಾದರೆ ಅದು ಚೆನ್ನಾಗಿ ಕಾಯಬೇಕು. ತೋಟದಲ್ಲಿ ಮೂರು ಕಿಲೋಮೀಟರ್ ಹೋಗಿ ಬರುವ ಓಡಾಟದಲ್ಲಿ ಅದು ಕಾಯುವುದೇ ಇಲ್ಲ. ಹಾಗಾಗಿ ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ 60ರ ಮೇಲೆ ಇಪ್ಪತ್ತು ನಿಮಿಷ ಓಡಿಸಿ. ಒಂದೇ ವೇಗ ಬೇಡ ಅಂದಿದ್ದೆನಲ್ಲ, ಈ ಇಪ್ಪತ್ತು ನಿಮಿಷಕ್ಕೆ ಏನೂ ಆಗದು. ಡಿಪಿಎಫ್ ದೀಪ ಹತ್ತಿದರೆ ಪುಸ್ತಕದಲ್ಲಿ ಹೇಳಿದ ಹಾಗೆ ಅವತ್ತೇ ಓಡಿಸಿ ಮುಗಿಸಿ. ಹಾಗೆ ಕಾದ ಗಾಡಿಯನ್ನು ಬೇಸಿಗೆಯಲ್ಲಿ ಒಣಹುಲ್ಲು, ತರಗೆಲೆ ಮೇಲೆ ಮಾತ್ರ ನಿಲ್ಲಿಸಬೇಡಿ. ಫೆಬ್ರವರಿ, ಮಾರ್ಚಿನಲ್ಲಿ ನಮ್ಮ ಕಡೆ ಒಂದು ಕಿಡಿ ಸಾಕು. ಕಾಫಿ ಕಣದ ಸಿಮೆಂಟು ನೆಲ ಇದೆಯಲ್ಲ, ಅಲ್ಲಿ ನಿಲ್ಲಿಸಿ.

ಪ್ರಶ್ನೆ: ನಾನು ಜಿಮ್ನಿ ಕೊಂಡಿದ್ದೇನೆ. ಮಳೆಗಾಲದಲ್ಲಿ ಮೈಸೂರಿನಿಂದ ಮಡಿಕೇರಿಗೆ ವಾರ ವಾರ ಓಡಾಡಬೇಕು. ಟಾರು ರಸ್ತೆಯಲ್ಲೂ ನಾಲ್ಕೂ ಚಕ್ರ ಎಳೆಯುವ ಫೋರ್ ಹೈ ಹಾಕಿಕೊಂಡೇ ಇದ್ದರೆ ಸುರಕ್ಷಿತ ಅಲ್ವಾ?
— ಒಬ್ಬ ಓದುಗರು, ಮೈಸೂರು

ಉತ್ತರ: ಇಲ್ಲ ಮೇಡಂ, ಟಾರು ರಸ್ತೆಯಲ್ಲಿ ಟೂ ಹೈ ಇರಲಿ. ಜೋಡೆತ್ತು ತಿರುಗುವಾಗ ಹೊರಗಿನ ಎತ್ತು ಜಾಸ್ತಿ ಹೆಜ್ಜೆ ಹಾಕಬೇಕು. ಗಾಡಿ ತಿರುವಿನಲ್ಲಿ ಹೋಗುವಾಗಲೂ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ಜಿಮ್ನಿಯಲ್ಲಾಗಲಿ ಥಾರ್‌ನಲ್ಲಾಗಲಿ ಫೋರ್ ಹೈ ಹಾಕಿದಾಗ ಮುಂದಿನ, ಹಿಂದಿನ ಆಕ್ಸಲ್ ಒಟ್ಟಿಗೆ ಕಟ್ಟಿಹಾಕಿದಂತೆ ತಿರುಗುತ್ತವೆ. ನಡುವೆ ಆ ವ್ಯತ್ಯಾಸ ತೂಗಿಸುವ ಡಿಫರೆನ್ಷಿಯಲ್ ಇಲ್ಲ. ಮಣ್ಣು, ಕೆಸರಿನಲ್ಲಿ ಟೈರು ಸ್ವಲ್ಪ ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಟಾರಿನ ಮೇಲೆ ಜಾರಲು ಜಾಗವಿಲ್ಲ. ಸ್ಟೀರಿಂಗ್ ಬಿಗಿಯಾಗುತ್ತದೆ, ಟೈರು ಕಿರ್ ಅನ್ನುತ್ತದೆ, ಆ ಒತ್ತಡವೆಲ್ಲ ಗೇರು, ಶಾಫ್ಟುಗಳ ಮೇಲೆ ಬೀಳುತ್ತದೆ. ಮಳೆಯಲ್ಲಿ ಒದ್ದೆಯಾದ ಟಾರು ಕೂಡ ಟಾರೇ. ಮತ್ತೆ, ಫೋರ್ ವೀಲ್ ಇದ್ದ ಮಾತ್ರಕ್ಕೆ ಬ್ರೇಕು ಬೇಗ ಹಿಡಿಯುವುದಿಲ್ಲ. ಮಡಿಕೇರಿ ಹತ್ತುವ ತಿರುವಿನಲ್ಲಿ ನಿಮ್ಮನ್ನು ಕಾಪಾಡುವುದು ಟೈರು ಮತ್ತು ನೀವು ಹಿಡಿದ ವೇಗ. ಒಳದಾರಿಯಲ್ಲಿ ಕೆಸರು ಬಂದಾಗ ಸಿಕ್ಕಿಹಾಕಿಕೊಳ್ಳುವ ಮೊದಲೇ ಫೋರ್ ಹೈ ಹಾಕಿ. ಸಿಕ್ಕಿಕೊಂಡ ಮೇಲೆ ಹಾಕುವವರೇ ಜಾಸ್ತಿ.

ಪ್ರಶ್ನೆ: ನಮ್ಮ ಮನೆ ದಾರಿಯಲ್ಲಿ ಒಂದು ಹಳ್ಳ. ಹೊಸ ಥಾರ್ 650 ಮಿ.ಮೀ. ನೀರಿನಲ್ಲಿ ಹೋಗುತ್ತದೆ ಅಂತ ಓದಿದೆ. ನಂಬಬಹುದಾ?
— ಒಬ್ಬ ಓದುಗರು, ಕಳಸ

ಉತ್ತರ: ಆ ಅಂಕಿ ಸುಳ್ಳಲ್ಲ. 650 ಮಿ.ಮೀ. ಅಂದರೆ ಎರಡು ಅಡಿಗಿಂತ ಸ್ವಲ್ಪ ಜಾಸ್ತಿ. ಆದರೆ ಅದು ಆಳದ ಲೆಕ್ಕ, ನೀರಿನ ಸೆಳವಿನ ಲೆಕ್ಕ ಅದರಲ್ಲಿ ಇಲ್ಲ. ಮಳೆಗಾಲದಲ್ಲಿ ನಿಮ್ಮ ಕಡೆಯ ಹಳ್ಳ ಅರ್ಧ ಗಂಟೆಯಲ್ಲಿ ಏರುತ್ತದೆ. ಕೋಲು ಹಿಡಿದು ನೀರಿಗೆ ಇಳಿದು ನೋಡಿ. ನಿಮ್ಮ ಕಾಲೇ ನಿಲ್ಲದಿದ್ದರೆ ಗಾಡಿಯೂ ಬೇಡ. ನೀರು ಕೆಂಪಾಗಿ ತಳ ಕಾಣದಿದ್ದರೂ ಬೇಡ, ತಳದ ಮಣ್ಣು ನಿನ್ನೆ ಇದ್ದ ಹಾಗೆ ಇವತ್ತು ಇರುವುದಿಲ್ಲ.

ದಾಟುವುದಾದರೆ ಫೋರ್ ಲೋ, ಎರಡನೇ ಗೇರು. ನಡೆಯುವ ವೇಗಕ್ಕಿಂತ ಸ್ವಲ್ಪ ಜಾಸ್ತಿ, ಬಂಪರ್ ಮುಂದೆ ಸಣ್ಣ ಅಲೆ ಏಳುವಷ್ಟು. ನಡುವೆ ಗೇರು ಬದಲಾಯಿಸಬೇಡಿ. ನೀರಿನಲ್ಲಿ ಗಾಡಿ ಆಫ್ ಆದರೆ ಮತ್ತೆ ಕೀ ತಿರುಗಿಸಲೇಬೇಡಿ. ಕೈಮುಗಿದು ಹೇಳ್ತೀನಿ. ನನ್ನ ಗ್ಯಾರೇಜಿನ ಕಪಾಟಿನಲ್ಲಿ ಒಂದು ಕನೆಕ್ಟಿಂಗ್ ರಾಡ್ ಇದೆ. ಕಿರುಬೆರಳು ಮಡಚಿದ ಹಾಗೆ ಬಾಗಿದೆ. ಗಟ್ಟಿ ಉಕ್ಕು, ಸುತ್ತಿಗೆಯಲ್ಲಿ ಹೊಡೆದರೂ ಹಾಗೆ ಬಾಗದು. ಗಾಳಿ ಹೋಗುವ ದಾರಿಯಿಂದ ನೀರು ಒಳಗೆ ಹೋಗಿತ್ತು, ಗಾಡಿಯವರು ಎರಡನೇ ಸಲ ಸ್ಟಾರ್ಟ್ ಮಾಡಿದರು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಪಿಸ್ಟನ್ ನಿಂತಿತು, ರಾಡು ಬಾಗಿತು, ಎಂಜಿನ್ ಕೆಳಗಿಳಿಯಿತು. ಗಾಡಿಗೆ ಇನ್ನೂ ವರ್ಷ ತುಂಬಿರಲಿಲ್ಲ.

ದಾಟಿದ ಮೇಲೆ ಎರಡು ಮೂರು ಸಲ ಮೆಲ್ಲಗೆ ಬ್ರೇಕ್ ಒತ್ತಿ ಒಣಗಿಸಿ. ಮಳೆಗಾಲ ಮುಗಿದ ಮೇಲೆ ಮುಂದಿನ, ಹಿಂದಿನ ಆಕ್ಸಲ್‌ಗಳ ಡಿಫರೆನ್ಷಿಯಲ್ ಆಯಿಲ್ ತೋರಿಸಿ. ಅದು ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ ಅರ್ಥ. ಬದಲಾಯಿಸಲೇಬೇಕು.

ಪ್ರಶ್ನೆ: ಕೆಸರಿನ ದಾರಿಯಲ್ಲಿ ಹೋಗಿ ಬಂದ ಮೇಲೆ ನನ್ನ ಹೊಸ ಗಾಡಿ 80ರಲ್ಲಿ ಸ್ಟೀರಿಂಗ್ ಅಲುಗಾಡಿಸುತ್ತದೆ. ಏನಾದರೂ ಮುರಿದಿದೆಯಾ? ಮುಂದೆ ಬುಲ್ ಬಾರ್ ಹಾಕಿಸಲಾ?
— ಒಬ್ಬ ಓದುಗರು, ಕೊಪ್ಪ

ಉತ್ತರ: ಮೊದಲು ಚಕ್ರದ ಒಳಗಡೆ ಕೈಹಾಕಿ ನೋಡಿ. ರಿಮ್ಮಿನ ಒಳಮಗ್ಗುಲಲ್ಲಿ ಕೆಂಪು ಮಣ್ಣು ಒಣಗಿ ಇಟ್ಟಿಗೆಯ ಹಾಗೆ ಕೂತಿರುತ್ತದೆ. ಅಲೈನ್‌ಮೆಂಟ್ ಅಂತ ಬರುವ ಹತ್ತು ಗಾಡಿಗಳಲ್ಲಿ ನಾಲ್ಕೈದಕ್ಕೆ ನಾನು ಮಾಡುವ ರಿಪೇರಿ ಒಂದು ಪೈಪು, ಒಂದು ಕಡ್ಡಿ ಅಷ್ಟೇ. ತೊಳೆಯುವಾಗ ರೇಡಿಯೇಟರ್ ಜಾಲರಿಗೂ ನೀರು ಬಿಡಿ, ಆದರೆ ಜೋರು ಪ್ರೆಷರ್ ಬೇಡ, ಅದರ ತೆಳು ತಗಡು ಮಡಚಿಹೋಗುತ್ತದೆ. ವೀಲ್ ನಟ್ಟು ಒಂದು ಸಲ ಬಿಗಿ ನೋಡಿ. ಇದೆಲ್ಲ ಆದ ಮೇಲೂ ಅಲುಗಾಡಿದರೆ ಆಗ ತೋರಿಸಿ.

ಬುಲ್ ಬಾರ್, ಅಂದರೆ ಬಂಪರ್ ಮುಂದೆ ಕೂರಿಸುವ ಆ ಕಬ್ಬಿಣದ ಕಂಬಿ, ಬೇಡ. 2017ರ ಡಿಸೆಂಬರ್‌ನಲ್ಲೇ ಅದನ್ನು ತೆಗೆಸಿ ಅಂತ ಕೇಂದ್ರ ಸರ್ಕಾರ ರಾಜ್ಯಗಳಿಗೆ ಬರೆದಿದೆ. ಡಿಕ್ಕಿಯಾದಾಗ ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ಬಿಚ್ಚಿಕೊಳ್ಳದಿರಬಹುದು, ಎದುರು ಸಿಕ್ಕ ಮನುಷ್ಯನಿಗೂ ಪೆಟ್ಟು ಜಾಸ್ತಿ. ಆ ದುಡ್ಡಿನಲ್ಲಿ ಒಳ್ಳೆಯ ಎಳೆಯುವ ಹಗ್ಗ, ಹಗ್ಗ ಸಿಕ್ಕಿಸುವ ಎರಡು ಡಿ-ಶಾಕಲ್ ಕೊಂಡಿ, ಟೈರಿಗೆ ಗಾಳಿ ತುಂಬುವ ಪಂಪು ತಗೊಳ್ಳಿ. ಕೆಸರಿನಲ್ಲಿ ಟೈರಿನ ಗಾಳಿ ಕಾಲು ಭಾಗ ಇಳಿಸಿದರೆ ಅರ್ಧ ತಾಪತ್ರಯ ತಪ್ಪುತ್ತದೆ. ಟಾರಿಗೆ ಬಂದ ಕೂಡಲೇ ಮತ್ತೆ ತುಂಬಿ.

ಯಾರದ್ದಾದರೂ ಗಾಡಿ ಎಳೆಯುವಾಗ ಹಗ್ಗವನ್ನು ಕಂಪನಿ ಕೊಟ್ಟ ಕೊಂಡಿಗೆ ಮಾತ್ರ ಹಾಕಿ. ಬಂಪರಿಗೆ ಬೇಡ, ಕಬ್ಬಿಣದ ಸರಪಳಿಯಂತೂ ಬೇಡವೇ ಬೇಡ. ಹಗ್ಗದ ಒಂದೂವರೆ ಪಟ್ಟು ದೂರಕ್ಕೆ ಎಲ್ಲರನ್ನೂ ಸರಿಸಿ. ಫೋನಿನಲ್ಲಿ ವಿಡಿಯೋ ತೆಗೆಯಲು ಹತ್ತಿರ ಬರುವ ಹುಡುಗರನ್ನು ಮೊದಲು ಕಳಿಸಿ, ಆಮೇಲೆ ಗೇರು ಹಾಕಿ.