ಓದುಗರ ಪ್ರಶ್ನೆ: ಪೈಪೋಟಿ ಬಂದ ಮೇಲೂ ಫೋನ್ ದರ ಏರುವುದೇಕೆ?

ಪ್ರಶ್ನೆ: ಸರ್ಕಾರದ ಇಲಾಖೆಯೊಂದೇ ಫೋನ್ ಕೊಡುತ್ತಿದ್ದ ಕಾಲ ಹೋಗಿ ಖಾಸಗಿ ಕಂಪನಿಗಳು ಬಂದರೆ ದರ ಇಳಿಯುತ್ತದೆ ಎಂದಿದ್ದರು. ಇಳಿದದ್ದನ್ನೂ ಕಣ್ಣಾರೆ ಕಂಡೆ. ಈಗ ಮತ್ತೆ ಏರುತ್ತಿರುವುದೇಕೆ? ನನ್ನದು ಗುಂಡಿ ಒತ್ತುವ ಸಾದಾ ಮೊಬೈಲು. ಮಗಳ ಕರೆ, ಬ್ಯಾಂಕಿನ ಒಟಿಪಿ ಬಂದರೆ ಸಾಕು. ಇಂಟರ್‌ನೆಟ್ ಬೇಡದ ನಾನೂ 28 ದಿನಕ್ಕೊಮ್ಮೆ 199 ರೂಪಾಯಿ ಕಟ್ಟಲೇಬೇಕೇ?
– ನಿವೃತ್ತ ಶಿಕ್ಷಕಿ, ಬಸವನಗುಡಿ

ಉತ್ತರ: ಕಟ್ಟಲೇಬೇಕೆಂದಿಲ್ಲ. ಅದರ ದಾರಿಯನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ನಿಮ್ಮ ‘ಏಕೆ’ ಎಂಬ ಪ್ರಶ್ನೆಗೆ ಬರೋಣ.

ಇಲಾಖೆಯ ಕಾಲದಲ್ಲಿ ಎಸ್‌ಟಿಡಿ (ದೂರದ ಊರಿನ), ಐಎಸ್‌ಡಿ (ವಿದೇಶದ) ಕರೆಗಳ ದರವನ್ನು ನಿಜವಾದ ಖರ್ಚಿಗಿಂತ ಬಹಳ ಮೇಲೆ ಇಟ್ಟಿದ್ದರು. ಅಲ್ಲಿ ಉಳಿದ ಹಣದಿಂದ ಮನೆ ಫೋನಿನ ಬಾಡಿಗೆಯನ್ನೂ ಸ್ಥಳೀಯ ಕರೆಯ ದರವನ್ನೂ ಕಡಿಮೆಯಾಗಿ ಇಡಲು ಸಾಧ್ಯವಾಗಿತ್ತು. ತಡರಾತ್ರಿಯ ಕಾಲು ದರಕ್ಕಾಗಿ ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಂತು, ಮೀಟರಿನ ಕೆಂಪು ಅಂಕಿಗಳನ್ನೇ ನೋಡುತ್ತಾ ಊರಿಗೆ ಮಾತನಾಡುತ್ತಿದ್ದವರು ತಮಗೆ ತಿಳಿಯದೆಯೇ ಇನ್ನೊಬ್ಬರ ಮನೆ ಫೋನಿನ ಬಾಡಿಗೆಯಲ್ಲಿ ಒಂದು ಪಾಲನ್ನು ಕಟ್ಟುತ್ತಿದ್ದರು. ಹೊಸ ಕಂಪನಿ ಯಾವುದೇ ಇರಲಿ, ಲಾಭ ಹೆಚ್ಚಿರುವ ಕಡೆಗೇ ಮೊದಲು ಕೈ ಹಾಕುತ್ತದೆ. ಆಗ ದೂರದ ಕರೆಯ ದರ ಕುಸಿಯುತ್ತದೆ. ಮನೆಯವರೆಗೆ ತಂತಿ ಎಳೆದು ಕಾಪಾಡುವ ಖರ್ಚು ಮಾತ್ರ ಹಾಗೆಯೇ ಉಳಿಯುವುದರಿಂದ ಅದನ್ನು ಫೋನ್ ಇಟ್ಟುಕೊಂಡವರಿಂದಲೇ ವಸೂಲು ಮಾಡಬೇಕಾಗುತ್ತದೆ.

1997ರಲ್ಲಿ ಸ್ಥಾಪನೆಯಾದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 1999ರ ದರ ಆದೇಶದಲ್ಲಿ ಹಿಡಿದದ್ದು ಇದೇ ದಾರಿ: ಬಾಡಿಗೆ ಮೇಲಕ್ಕೆ, ಎಸ್‌ಟಿಡಿ ಮತ್ತು ಐಎಸ್‌ಡಿ ಕೆಳಕ್ಕೆ. ಅಮೆರಿಕದಲ್ಲಿ ಅದಕ್ಕೂ ಮೊದಲೇ ಹೀಗಾಗಿತ್ತು. 1984ರ ಜನವರಿ 1ರಂದು ಎಟಿ ಅಂಡ್ ಟಿ ಕಂಪನಿಯ ಸ್ಥಳೀಯ ಸೇವೆಗಳನ್ನು ಬೇರ್ಪಡಿಸಿ ಏಳು ಪ್ರಾದೇಶಿಕ ಕಂಪನಿಗಳಿಗೆ ಒಪ್ಪಿಸಿದರು. ದೂರದ ಕರೆ ಅಗ್ಗವಾಯಿತು, ಆದರೆ 1985ರಿಂದ ಪ್ರತಿ ಮನೆಯ ಬಿಲ್ಲಿಗೂ ತಿಂಗಳ ಲೈನ್ ಶುಲ್ಕವೆಂಬ ಹೊಸ ಸಾಲೊಂದು ಸೇರಿಕೊಂಡಿತು. ಹೆಚ್ಚು ಮಾತನಾಡುವವರಿಗೆ ಲಾಭವಾಯಿತು. ಬರುವ ಕರೆಗಾಗಿ ಮಾತ್ರ ಫೋನ್ ಇಟ್ಟುಕೊಂಡ ವೃದ್ಧರಿಗೆ ಹೊರೆ ಹೆಚ್ಚಿತು.

ನಮ್ಮಲ್ಲಿ ಅಗ್ಗದ ಕಾಲ ಕೊಂಚ ದೀರ್ಘವಾಗಿಯೇ ನಡೆಯಿತು. 2002ರಲ್ಲಿ ವಿದೇಶ ಕರೆಯ ಏಕಸ್ವಾಮ್ಯ ಮುಗಿಯಿತು, 2003ರ ಮೇ ತಿಂಗಳಿನಿಂದ ಮೊಬೈಲಿಗೆ ಬರುವ ಕರೆ ಉಚಿತವಾಯಿತು, 2006ರ ಮಾರ್ಚ್‌ನಲ್ಲಿ ಬಿಎಸ್‌ಎನ್‌ಎಲ್ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಎಂಬ ದರವನ್ನು ತಂದಿತು. ಆಮೇಲೆ 2012ರಲ್ಲಿ ಸುಪ್ರೀಂ ಕೋರ್ಟ್ 122 ಟೆಲಿಕಾಂ ಲೈಸೆನ್ಸ್‌ಗಳನ್ನು ರದ್ದು ಮಾಡಿತು. 2016ರಲ್ಲಿ ಜಿಯೋ ಬಂದ ಬಳಿಕ ಹಲವು ಕಂಪನಿಗಳು ಮುಚ್ಚಿದವು ಇಲ್ಲವೇ ಒಂದರೊಳಗೊಂದು ಸೇರಿಕೊಂಡವು. ಈಗ ಮುಖ್ಯವಾಗಿ ಉಳಿದಿರುವುದು ಮೂರು ಖಾಸಗಿ ಕಂಪನಿಗಳು ಮತ್ತು ಬಿಎಸ್‌ಎನ್‌ಎಲ್. ಪೈಪೋಟಿ ಕುಗ್ಗಿದ ಮೇಲೆ ಖಾಸಗಿ ಕಂಪನಿಗಳು 2019ರ ಡಿಸೆಂಬರ್, 2021ರ ಕೊನೆ ಮತ್ತು 2024ರ ಜುಲೈ, ಹೀಗೆ ಮೂರು ಬಾರಿ ಹೆಚ್ಚು ಕಡಿಮೆ ಒಟ್ಟಿಗೇ ದರ ಏರಿಸಿದವು. ಮೊಬೈಲ್ ದರವನ್ನು ಟ್ರಾಯ್ ಬಹುಕಾಲದಿಂದ ಕಂಪನಿಗಳಿಗೇ ಬಿಟ್ಟಿರುವುದರಿಂದ ಇದಕ್ಕೆ ಮುಂಚಿತ ಒಪ್ಪಿಗೆ ಬೇಕಿಲ್ಲ. ಜಾರಿಗೆ ತಂದ ಏಳು ಕೆಲಸದ ದಿನಗಳೊಳಗೆ ತಿಳಿಸಿದರಾಯಿತು. ದಿನಕ್ಕೆ ಎರಡು ಜಿಬಿ ಬಳಸುವವರು ಹೆಚ್ಚು ಕೊಡಬೇಕೆಂದರೆ ನನ್ನ ತಕರಾರಿಲ್ಲ. 2024ರಲ್ಲಿ ಏರ್‌ಟೆಲ್ ತನ್ನ ಅತ್ಯಂತ ಕೆಳಗಿನ 28 ದಿನದ ಪ್ಯಾಕನ್ನೇ 179ರಿಂದ 199ಕ್ಕೆ ಏರಿಸಿದ್ದು ಸರಿಯಲ್ಲವೆಂದು ನನಗೆ ಅನ್ನಿಸುತ್ತದೆ. ಏಕೆಂದರೆ ಅಲ್ಲಿರುವವರು ನಿಮ್ಮಂಥವರೇ.

ಈಗ ಲೆಕ್ಕ ನೋಡಿ. 28 ದಿನದ ಪ್ಯಾಕ್ ಎಂದರೆ ವರ್ಷಕ್ಕೆ 12 ಅಲ್ಲ, 13 ರೀಚಾರ್ಜ್. 199ರಂತೆ 2,587 ರೂಪಾಯಿ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ನಿಯಮವನ್ನು ತಿದ್ದಿ, ಡೇಟಾ ಇಲ್ಲದೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕನ್ನೂ ಕೊಡಬೇಕು, ಅದರ ಅವಧಿ 365 ದಿನಗಳವರೆಗೂ ಇರಬಹುದು ಎಂದಿತು. ಅದರಂತೆ 2025ರ ಜನವರಿಯಲ್ಲಿ ಏರ್‌ಟೆಲ್ ತಂದ ವರ್ಷದ ಪ್ಯಾಕ್ 1,849 ರೂಪಾಯಿಯದು. ವರ್ಷಕ್ಕೆ 738 ರೂಪಾಯಿ ಉಳಿಯಿತು. ಒಟಿಪಿ ಬರಲು ಡೇಟಾ ಬೇಕಿಲ್ಲ. ಅಂಗಡಿಯವರು ಈ ಪ್ಯಾಕನ್ನು ತಾವಾಗಿ ಹೇಳುವುದು ಅಪರೂಪ. ‘ಡೇಟಾ ಇಲ್ಲದ, ಕರೆಯ ಪ್ಯಾಕ್’ ಎಂದು ನೀವೇ ಕೇಳಿ, ಆ ದಿನದ ದರವನ್ನು ತಿಳಿದುಕೊಂಡು ಹಾಕಿಸಿ. ಮುಂಗಡ ಕಟ್ಟಿದ ಅವಧಿ ಮುಗಿಯುವವರೆಗೆ ಆ ಪ್ಯಾಕಿನ ದರವನ್ನು ಕಂಪನಿ ಏರಿಸುವಂತಿಲ್ಲ ಎಂಬುದೂ ನಿಮಗೆ ಅನುಕೂಲವೇ.

ಪ್ರಶ್ನೆ: ನಮ್ಮ ಸ್ಥಿರ ದೂರವಾಣಿಯ ತಾಮ್ರದ ತಂತಿಯನ್ನು ತೆಗೆದು ಫೈಬರ್ ಕೊಟ್ಟಿದ್ದಾರೆ. ಮಳೆ ಬಂದು ಕರೆಂಟು ಹೋದರೆ ಫೋನೂ ಹೋಗುತ್ತದೆ. ಮೊದಲು ಹೀಗಿರಲಿಲ್ಲ. ದೂರಿದರೆ ‘ಉಪಕರಣ ಸರಿಯಾಗಿದೆ’ ಎನ್ನುತ್ತಾರೆ. ನಂಬರ್ ಬಿಡದೆ ಬೇರೆ ಕಂಪನಿಗೆ ಹೋಗಬಹುದೇ?
– ಓದುಗರು, ಮಲ್ಲೇಶ್ವರಂ

ಉತ್ತರ: ಅವರು ಹೇಳಿದ್ದು ನಿಜವೇ, ಆದರೆ ಅರ್ಧ ಮಾತ್ರ. ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ ಸುಮಾರು 48 ವೋಲ್ಟ್ ವಿದ್ಯುತ್ ಸದಾ ಹರಿದು ಬರುತ್ತಿತ್ತು. ಇಡೀ ಬೀದಿ ಕತ್ತಲಾದರೂ ಫೋನ್ ಮಾತನಾಡುತ್ತಿದ್ದುದು ಅದರಿಂದ. ಫೈಬರಿನಲ್ಲಿ ಬರುವುದು ಬೆಳಕು. ಅದನ್ನು ಫೋನಿಗೆ ಬೇಕಾದ ವಿದ್ಯುತ್ ಸಂಕೇತವಾಗಿ ಬದಲಿಸುವ ಪೆಟ್ಟಿಗೆ, ಅಂದರೆ ಗೋಡೆಯ ಮೇಲೆ ಹಸಿರು ದೀಪಗಳು ಮಿನುಗುವ ಒಎನ್‌ಟಿ, ನಿಮ್ಮ ಮನೆಯ ಕರೆಂಟಿನಿಂದಲೇ ನಡೆಯಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಪೆಟ್ಟಿಗೆಯ ಪ್ಲಗ್ಗನ್ನು ಅದರ ಲೈನಿಗೆ ಬದಲಿಸಿ. ಇಲ್ಲದಿದ್ದರೆ ರೂಟರಿಗೆಂದೇ ಮಾರುವ ಚಿಕ್ಕ ಯುಪಿಎಸ್ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತದೆ, ಕೊಳ್ಳುವ ಮೊದಲು ನಿಮ್ಮ ಅಡಾಪ್ಟರಿನ ಬೆನ್ನಿನಲ್ಲಿ ಅಚ್ಚಾಗಿರುವ ವೋಲ್ಟ್ ಮತ್ತು ಆಂಪಿಯರ್ ಅಂಕಿಗಳನ್ನು ಬರೆದುಕೊಂಡು ಹೋಗಿ, ಅದಕ್ಕೆ ಹೊಂದುವುದನ್ನೇ ತನ್ನಿ. ಹಿಂದೆ ಎಕ್ಸ್‌ಚೇಂಜಿನ ಬ್ಯಾಟರಿಯದಾಗಿದ್ದ ಖರ್ಚು ಹೀಗೆ ಸದ್ದಿಲ್ಲದೆ ಗ್ರಾಹಕರ ಮನೆಗೆ ಬಂದಿದೆ. ಇದನ್ನು ಸಂಪರ್ಕ ಬದಲಿಸುವ ದಿನವೇ ತಿಳಿಸಬೇಕಿತ್ತು. ವಯಸ್ಸಾದವರು ಒಬ್ಬರೇ ಇರುವ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ.

ಸ್ಥಿರ ದೂರವಾಣಿಗೆ ನಂಬರ್ ಪೋರ್ಟಬಿಲಿಟಿ ನಮ್ಮಲ್ಲಿಲ್ಲ. ಮೊಬೈಲಿಗೆ ಮಾತ್ರ ಉಂಟು. ಆದ್ದರಿಂದ ಕಂಪನಿ ಬದಲಿಸಿದರೆ 080-23ರಿಂದ ಶುರುವಾಗುವ ಹಳೆಯ ನಂಬರನ್ನು ಬಿಡಬೇಕಾಗುತ್ತದೆ. ದೂರು ಕೊಡುವಾಗ ಡಾಕೆಟ್ ಸಂಖ್ಯೆಯನ್ನು, ಅಂದರೆ ದೂರಿನ ನೋಂದಣಿ ಸಂಖ್ಯೆಯನ್ನು, ತಪ್ಪದೆ ಪಡೆಯಿರಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು, ಏಕೆಂದರೆ ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ವಿಚಾರಿಸುವುದಿಲ್ಲ. ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಪ್ರಶ್ನೆ: ತಂದೆಯವರು ಫೋನ್ ತಯಾರಿಸುತ್ತಿದ್ದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯಲ್ಲಿದ್ದರು. ಅವರ ನೆನಪಿಗೆ ಇಟ್ಟುಕೊಂಡಿರುವ ಕಪ್ಪು ಡಯಲ್ ಫೋನನ್ನು ಈಗಿನ ಫೈಬರ್ ಸಂಪರ್ಕಕ್ಕೆ ಜೋಡಿಸಬಹುದೇ?
– ಓದುಗರು, ದೂರವಾಣಿನಗರ

ಉತ್ತರ: 1948ರಲ್ಲಿ ನಿಮ್ಮ ಬಡಾವಣೆಯಲ್ಲೇ ಆರಂಭವಾದ ಕಾರ್ಖಾನೆಯ ಫೋನು ಎಂದರೆ ಜೋಪಾನ ಮಾಡಬೇಕಾದದ್ದೇ. 1984ರಲ್ಲಿ ಮನೆಯ ಉಪಕರಣಗಳ ತಯಾರಿಕೆಯನ್ನು ಖಾಸಗಿಯವರಿಗೂ ತೆರೆದ ಮೇಲೆ ಗುಂಡಿಯ ಫೋನುಗಳು ಅಂಗಡಿಗಳಿಗೆ ಬಂದು ಇಂಥವು ಮೂಲೆ ಸೇರಿದವು.

ಜೋಡಿಸಿ ನೋಡಬಹುದು. ಡಯಲಿನಲ್ಲಿ 5ನ್ನು ತಿರುಗಿಸಿ ಬಿಟ್ಟರೆ, ಚಕ್ರ ಹಿಂದಿರುಗುವಾಗ ತಂತಿಯ ವಿದ್ಯುತ್ ಐದು ಸಲ ಕಡಿದು ಸೇರುತ್ತದೆ. ಸೊನ್ನೆಗೆ ಹತ್ತು ಸಲ. ಎಕ್ಸ್‌ಚೇಂಜ್ ಎಣಿಸುತ್ತಿದ್ದುದು ಆ ಕಡಿತಗಳನ್ನು. ಕೆಲವು ಒಎನ್‌ಟಿ ಪೆಟ್ಟಿಗೆಗಳಿಗೆ ಇದು ತಿಳಿಯುತ್ತದೆ, ಹಲವಕ್ಕೆ ತಿಳಿಯುವುದಿಲ್ಲ. ಒಂದು ಅಂಕಿಯನ್ನು ತಿರುಗಿಸಿದ ಮೇಲೂ ಡಯಲ್ ಟೋನ್ ನಿಲ್ಲದೆ ಕೇಳುತ್ತಿದ್ದರೆ ನಿಮ್ಮ ಪೆಟ್ಟಿಗೆಗೆ ಆ ಭಾಷೆ ಬಾರದು ಎಂದರ್ಥ. ಹಾಗಾದರೂ ನಿರಾಶರಾಗಬೇಡಿ: ಫೋನು ಸುಸ್ಥಿತಿಯಲ್ಲಿದ್ದರೆ ಹೊರಗಿನಿಂದ ಬಂದ ಕರೆಯನ್ನು ಅದರ ರಿಸೀವರ್ ಎತ್ತಿಯೇ ಮಾತನಾಡಬಹುದು.